ಹಾಡು ಯಾರದು, ಹಾಳೆ ಯಾರದು: ಬಳ್ಳಾರಿಯ ಒಂದು ರಾಕ್ ಲೇಬಲ್ಲಿನ ಮೂರನೆಯ ಆಲ್ಬಮ್

ಬಳ್ಳಾರಿಯ ಸಣ್ಣದೊಂದು ಸ್ವತಂತ್ರ ರಾಕ್ ಲೇಬಲ್, ಎಂದರೆ ಹಾಡು ಮುದ್ರಿಸಿ ಹೊರತರುವ ಸಂಸ್ಥೆ, ತನ್ನ ಮೂರನೆಯ ಆಲ್ಬಮನ್ನು ಬೇಸಿಗೆಯ ಕೊನೆಗೆ ಬಿಡುಗಡೆ ಮಾಡಿತು. ತಿಂಗಳು ತುಂಬುವುದರೊಳಗೆ ಆ ಆಲ್ಬಮ್ ಎಲ್ಲ ಸ್ಟ್ರೀಮಿಂಗ್ ಸೇವೆಗಳಿಂದಲೂ ಇಳಿದುಹೋಯಿತು. ಇಳಿಸಿದವರು ಲೇಬಲ್ಲಿನವರಲ್ಲ, ಹಾಡುಗಳನ್ನು ಆ ಸೇವೆಗಳಿಗೆ ತಲುಪಿಸುವ ವಿತರಣಾ ಸಂಸ್ಥೆ. ಎಂಟು ಹಾಡುಗಳ ಪೈಕಿ ಒಂದರ ಮೇಲೆ ಹೊರಗಿನವರೊಬ್ಬರು ಹಕ್ಕು ಹೇಳಿದ್ದರು. ಆ ಹಕ್ಕೊತ್ತಾಯ ಮೂವತ್ತು ದಿನಗಳಲ್ಲಿ ತಾನಾಗಿಯೇ ಬಿದ್ದುಹೋಯಿತು. ಆದರೆ ಆಲ್ಬಮ್ ಮರಳಿ ಬಂದದ್ದು ದೀಪಾವಳಿ ಕಳೆದ ಮೇಲೆ. ಹೊರಗಿನವರ ತಕರಾರು ಒಂದು ತಿಂಗಳಿಗೆ ಮುಗಿದರೂ ಒಳಗಿನ ವಿಷಯ ಇತ್ಯರ್ಥವಾಗಲು ಅಷ್ಟು ತಿಂಗಳು ಏಕೆ ಹಿಡಿಯಿತು ಎಂಬುದೇ ಈ ಅಧ್ಯಯನದ ವಸ್ತು. ಲೇಬಲ್ಲಿನ, ತಂಡದ ಮತ್ತು ವಿತರಕರ ಹೆಸರುಗಳನ್ನು ಬಿಟ್ಟಿದ್ದೇನೆ. ಲೇಬಲ್ಲಿನ ಲೆಕ್ಕಪತ್ರ ನೋಡಿಕೊಡುವವನಾದ್ದರಿಂದ ಕಾಗದಗಳು, ಅಂದರೆ ಇದ್ದಷ್ಟು ಕಾಗದಗಳು, ನನ್ನ ಕೈಗೂ ಬಂದವು.

ಲೇಬಲ್ ಮತ್ತು ಅದರ ಪದ್ಧತಿ

ಲೇಬಲ್ ನಡೆಸುವವರು ಜೀನ್ಸ್ ಉದ್ಯಮದವರು. ಬಳ್ಳಾರಿಯಲ್ಲಿ ಮನೆಮನೆಯ ಹಿತ್ತಿಲಿನಲ್ಲೂ ಒಂದೆರಡು ಹೊಲಿಗೆ ಯಂತ್ರಗಳಿರುವ ಬೀದಿಗಳಿವೆ. ಅಂಥದೊಂದು ಬೀದಿಯಲ್ಲಿ ಅವರು ಬಟ್ಟೆ ಕತ್ತರಿಸಿ ಹೊಲಿಗೆಗೆ ಕೊಡುವ ಘಟಕ ನಡೆಸುತ್ತಾರೆ. ಕಾಲೇಜಿನ ದಿನಗಳಲ್ಲಿ ಗಣೇಶನ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸಿದವರು. ಈ ಭಾಗದಲ್ಲಿ ಗಿಟಾರ್ ಹಿಡಿದವನಿಗೆ ಇಂದಿಗೂ ಇರುವ ಆದಾಯದ ದಾರಿ ಆರ್ಕೆಸ್ಟ್ರಾ ಒಂದೇ. ಅಲ್ಲಿ ಸಿನಿಮಾ ಹಾಡು ಬಿಟ್ಟು ಸ್ವಂತದ್ದನ್ನು ನುಡಿಸಿದರೆ ಮೈಕ್ ಕಸಿದುಕೊಳ್ಳುತ್ತಾರೆ. ಸ್ವಂತ ಹಾಡಿಗೆ ಒಂದು ಜಾಗ ಬೇಕು ಎಂಬ ಕಾರಣಕ್ಕೆ ಲೇಬಲ್ ಹುಟ್ಟಿತು. ತುಂಗಭದ್ರೆಯ ನೀರು ಕುಡಿದ ತಂಡಗಳನ್ನು ಮಾತ್ರ, ಎಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರನ್ನು ಮಾತ್ರ, ಹೊರತರುವುದು ಎಂಬ ನಿಯಮವನ್ನೂ ಅವರು ಹಾಕಿಕೊಂಡರು.

ನಿಯಮ ಹೊಸದೇನಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿ 1980ರಲ್ಲಿ ಶುರುವಾದ ಡಿಸ್ಕಾರ್ಡ್ ಎಂಬ ಲೇಬಲ್ ತನ್ನ ಊರಿನ ತಂಡಗಳನ್ನೇ ಹೊರತರುತ್ತ ಬಂದಿದೆ, ಅದೂ ಲಿಖಿತ ಒಪ್ಪಂದವಿಲ್ಲದೆ, ಮಾತಿನ ಮೇಲೆ. ನಮ್ಮ ಲೇಬಲ್ಲಿನವರಿಗೆ ಈ ಕಥೆ ಗೊತ್ತಿತ್ತು ಮತ್ತು ಬಹಳ ಇಷ್ಟವಾಗಿತ್ತು. ಅದೇ ಕಾಲದ ಇನ್ನೊಂದು ಲೇಬಲ್ಲಿನ ಕಥೆ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸಿನದು, ಅವರ ಕಿವಿಗೆ ಅಷ್ಟಾಗಿ ಬಿದ್ದಿರಲಿಲ್ಲ. ಸಂಗೀತಗಾರರೇ ಎಲ್ಲದಕ್ಕೂ ಒಡೆಯರು, ಸಂಸ್ಥೆಗೆ ಏನೂ ಸೇರಿದ್ದಲ್ಲ ಎಂಬ ಅರ್ಥದ ಒಂದು ಹಾಳೆಯಷ್ಟೇ ಅದರ ಆಧಾರವಾಗಿತ್ತು. 1992ರಲ್ಲಿ ಸಂಸ್ಥೆ ಮುಳುಗುವ ಹೊತ್ತಿಗೆ ಕೊಳ್ಳಲು ಬಂದ ದೊಡ್ಡ ಕಂಪನಿಯು, ಕೊಳ್ಳುವುದಕ್ಕೆ ಇಲ್ಲಿ ಏನೂ ಇಲ್ಲವೆಂದು ಹಿಂದೆ ಸರಿಯಿತು. ನಂಬಿಕೆಯ ಮೇಲೆ ನಡೆದ ಎರಡು ಲೇಬಲ್ಲುಗಳಲ್ಲಿ ಒಂದು ಉಳಿಯಿತು, ಒಂದು ಹೋಯಿತು. ಉಳಿದದ್ದನ್ನೇ ಮಾದರಿಯೆಂದು ನೋಡುವುದು ಮನುಷ್ಯ ಸ್ವಭಾವ.

ಮೊದಲ ಆಲ್ಬಮ್ ಮೊಬೈಲ್ ಅಂಗಡಿಗಳ ಮೂಲಕ ಮೆಮೊರಿ ಕಾರ್ಡಿಗೆ ಹಾಕಿಸಿಕೊಟ್ಟು ಹಂಚಿದ್ದು. ಹಣದ ಪ್ರಶ್ನೆಯೇ ಇರಲಿಲ್ಲ. ಎರಡನೆಯದು ವಾರ್ಷಿಕ ಶುಲ್ಕದ ವಿತರಕರೊಬ್ಬರ ಮೂಲಕ ಸ್ಟ್ರೀಮಿಂಗಿಗೆ ಹೋಯಿತು, ಕೆಲವರು ಕೇಳಿದರು. ಇವೆರಡರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಕೋಣೆ

ಮೂರನೆಯ ಆಲ್ಬಮ್ ನಾಲ್ವರ ತಂಡದ್ದು. ಹಾಡುಗಾರ್ತಿ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವರು, ಗಿಟಾರ್ ಮತ್ತು ಡ್ರಮ್ಸಿನವರು ಬಳ್ಳಾರಿಯವರು, ಬೇಸ್ ಬಾರಿಸಿದವರು ಲೇಬಲ್ಲಿನ ಯಜಮಾನರೇ. ರೆಕಾರ್ಡಿಂಗ್ ನಡೆದದ್ದು ಘಟಕದ ಮೇಲಿನ ಕೋಣೆಯಲ್ಲಿ, ಕೆಳಗೆ ಯಂತ್ರಗಳು ನಿಂತ ಮೇಲೆ, ರಾತ್ರಿ. ಗೋಡೆಗಳಿಗೆ ಕೌದಿಗಳನ್ನು ಇಳಿಬಿಟ್ಟಿದ್ದರು. ಕೌದಿ ಎಂದರೆ ಹಳೆಯ ಸೀರೆ, ಧೋತರಗಳ ಪದರಗಳನ್ನು ಒತ್ತಾಗಿ ಹೊಲಿದ ಹೊದಿಕೆ. ತಾಳ, ಸಿಂಬಲ್ಲುಗಳ ಚುರುಕು ದನಿ ಗೋಡೆಗೆ ಬಡಿದು ಮರಳುವುದನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಮಂದ್ರದ ಸ್ವರಗಳನ್ನು ತಡೆಯುವುದು ಅದರ ಕೈಲಾಗದು, ಅಷ್ಟು ದಪ್ಪವೂ ಅದಕ್ಕಿಲ್ಲ.

ಇದರ ಪರಿಣಾಮ ಮುಂದೆ ಬರಲಿರುವುದರಿಂದ ಇಲ್ಲಿ ಸ್ವಲ್ಪ ವಿವರಿಸಬೇಕು. ಎದುರುಬದುರು ಗೋಡೆಗಳ ನಡುವೆ ಹತ್ತು ಅಡಿ ಅಂತರವಿದ್ದರೆ, ಶಬ್ದದ ವೇಗವನ್ನು ಆ ಅಂತರದ ಎರಡು ಪಟ್ಟಿನಿಂದ ಭಾಗಿಸಿದಾಗ ಬರುವ ಕಂಪನಸಂಖ್ಯೆ ಆ ಕೋಣೆಯಲ್ಲಿ ತಾನಾಗಿ ಉಬ್ಬುತ್ತದೆ. ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ ಅದು ಸುಮಾರು 56 ಹರ್ಟ್ಜ್. ಬಳ್ಳಾರಿಯ ಬೇಸಿಗೆಯ ಸೆಕೆಯಲ್ಲಿ, ಸದ್ದಾಗುತ್ತದೆಂದು ಫ್ಯಾನ್ ಆರಿಸಿದ ಕೋಣೆಯಲ್ಲಿ, ಶಬ್ದ ಇನ್ನಷ್ಟು ವೇಗವಾಗಿ ಸಾಗುವುದರಿಂದ 58ರ ಹತ್ತಿರ. ಬೇಸ್ ಗಿಟಾರಿನ ಎ ತಂತಿಯನ್ನು ಒತ್ತದೆ ಮೀಟಿದರೆ ಬರುವುದು 55 ಹರ್ಟ್ಜ್. ಹೀಗಾಗಿ ಆ ಸ್ವರ ಬಂದ ಕಡೆಯಲ್ಲೆಲ್ಲ ಕೋಣೆ ಗುಂಯ್‌ಗುಟ್ಟಿತು, ಮೈಕುಗಳು ಅದನ್ನು ಹಾಗೆಯೇ ಹಿಡಿದವು. ಬೆಂಗಳೂರಿನಲ್ಲಿ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ತಿದ್ದುಪಡಿ, ಮಾಡಿದವರು ಆದಷ್ಟು ತಗ್ಗಿಸಿದರು. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸಾಮಾನ್ಯವಾಗಿ ಒಂದೇ ಜೋರಿಗೆ, ಅಂದರೆ ಸದ್ದಿನ ಜೋರನ್ನು ಅಳೆಯುವ ಮಾನದಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಸರಿಹೊಂದಿಸಿ ಕೇಳಿಸುವುದರಿಂದ ಜೋರು ಮಾಡಿ ಮುಚ್ಚಿಹಾಕುವ ಹಳೆಯ ಉಪಾಯಕ್ಕೂ ಅರ್ಥವಿರಲಿಲ್ಲ. ಎಂಟರಲ್ಲಿ ಎರಡು ಹಾಡುಗಳಲ್ಲಿ ಆ ಗುಂಯ್ ಉಳಿಯಿತು. ಆಮೇಲೆ ಸರಿಮಾಡೋಣ ಎಂದು ಬಿಟ್ಟರು.

ಬಿಡುಗಡೆ

2015ರ ಜುಲೈಯಿಂದ ಜಗತ್ತಿನ ಸಂಗೀತೋದ್ಯಮ ಹೊಸ ಆಲ್ಬಮ್‌ಗಳನ್ನು ಶುಕ್ರವಾರ ಬಿಡುಗಡೆ ಮಾಡುವ ರೂಢಿಗೆ ಬಂದಿದೆ. ಲೇಬಲ್ಲೂ ಶುಕ್ರವಾರವನ್ನೇ ಆರಿಸಿತು. ಸ್ಪಾಟಿಫೈನ ಸಂಪಾದಕರ ಪಟ್ಟಿಗಳಿಗೆ ಹಾಡನ್ನು ಸೂಚಿಸಬೇಕಾದರೆ ಕನಿಷ್ಠ ಏಳು ದಿನ ಮೊದಲೇ ಅದು ಅಲ್ಲಿಗೆ ತಲುಪಿರಬೇಕು. ವಿತರಕರಿಗೆ ಅದಕ್ಕಿಂತ ಮುಂಚೆ ಕಡತ ಸೇರಬೇಕು. ಮುಖಪುಟದ ಚಿತ್ರ 3000 ಪಿಕ್ಸೆಲ್ ಉದ್ದಗಲಕ್ಕೆ ತಯಾರಾಯಿತು, ಹಾಡುಗಳು ವೇವ್ ಕಡತಗಳಾದವು. ಉಳಿದದ್ದು ವಿತರಕರ ಫಾರ್ಮ್. ಅದರಲ್ಲಿ ಪ್ರತಿ ಹಾಡಿಗೂ ಸಾಹಿತ್ಯ ಬರೆದವರು ಯಾರು, ರಾಗ ಹಾಕಿದವರು ಯಾರು ಎಂದು ತುಂಬಬೇಕಾದ ಎರಡು ಖಾನೆಗಳಿದ್ದವು; ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗದು. ಗಡುವಿನ ರಾತ್ರಿ ಯಜಮಾನರು ಎಂಟಕ್ಕೆ ಎಂಟು ಹಾಡುಗಳಿಗೂ ಎರಡೂ ಖಾನೆಗಳಲ್ಲಿ ತಂಡದ ಹೆಸರನ್ನೇ ತುಂಬಿ ಕಳಿಸಿದರು. ಇಡೀ ಪ್ರಕರಣದಲ್ಲಿ ಒಂದೇ ಒಂದು ಕ್ಷಣವನ್ನು ಬೆರಳಿಟ್ಟು ತೋರಿಸಬೇಕೆಂದರೆ ನಾನು ತೋರಿಸುವುದು ಇದನ್ನು.

ಕೈಯಲ್ಲಿ ಹಿಡಿಯುವಂಥದ್ದೂ ಏನಾದರೂ ಇರಲಿ ಎಂದು ಜೀನ್ಸ್ ಕಟ್‌ಪೀಸುಗಳಿಂದ ಪ್ಯಾಂಟಿನ ಹಿಂಜೇಬಿನ ಆಕಾರದ ಪೌಚ್ ಹೊಲಿಸಿದರು. ಎರಡೆಳೆ ಕಿತ್ತಳೆ ದಾರದ ಹೊಲಿಗೆ, ಮೇಲೊಂದು ತಾಮ್ರದ ಬಣ್ಣದ ಗುಂಡಿ, ಒಳಗೆ ಹಾಡುಗಳ ಪಟ್ಟಿ ಮತ್ತು ಡೌನ್‌ಲೋಡ್ ಕೋಡ್ ಅಚ್ಚಾದ ದಪ್ಪ ಕಾಗದ. ಕೋಡ್ ಬ್ಯಾಂಡ್‌ಕ್ಯಾಂಪಿನದು. ಆ ತಾಣ ಡಿಜಿಟಲ್ ಮಾರಾಟದಲ್ಲಿ ಶೇ. 15 ಇಟ್ಟುಕೊಂಡು ಉಳಿದದ್ದನ್ನು ಪೇಪ್ಯಾಲ್ ಮೂಲಕ ಕಲಾವಿದರಿಗೆ ಕೊಡುತ್ತದೆ; ಆದರೆ ಪೇಪ್ಯಾಲ್ ಭಾರತದೊಳಗಿನ ಪಾವತಿ ವ್ಯವಹಾರವನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಆದ್ದರಿಂದ ಬರ್ಲಿನ್ನಿನಲ್ಲಿ ಕುಳಿತವರಿಗೆ ಈ ಆಲ್ಬಮ್ ಕೊಳ್ಳುವುದು ಸುಲಭ, ಬಳ್ಳಾರಿಯ ಕೌಲ್ ಬಜಾರಿನವರಿಗೆ ಕಷ್ಟ. ಇದಕ್ಕೆ ಲೇಬಲ್ ಕಂಡುಕೊಂಡ ದಾರಿ ಸರಳವಾಗಿತ್ತು: ಯುಪಿಐ ಕ್ಯೂಆರ್ ತೋರಿಸಿ ಹಣ ಪಡೆದು, ಪೌಚ್ ಕೈಗೆ ಕೊಡುವುದು ಅಥವಾ ಕೋಡನ್ನು ವಾಟ್ಸಾಪಿನಲ್ಲಿ ಕಳಿಸುವುದು. ಸ್ಟ್ರೀಮಿಂಗಿನಿಂದ ಒಂದು ವರ್ಷದಲ್ಲಿ ಬರಬಹುದಾದದ್ದಕ್ಕಿಂತ ಹೆಚ್ಚು ಹಣ ಬಿಡುಗಡೆಯ ಸಂಜೆಯೇ ಪೌಚುಗಳಿಂದ ಬಂದಿತು. ಅದರಲ್ಲಿ ಅಚ್ಚರಿಯಿಲ್ಲ, ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ರಾಯಧನವನ್ನೇ ಲೆಕ್ಕಹಾಕುತ್ತಿಲ್ಲ.

ತಕರಾರು ಬಂದ ಬಗೆ

ಆಲ್ಬಮ್ಮಿನ ಐದನೆಯ ಹಾಡು ಮಾನ್ವಿಯ ಜಗನ್ನಾಥದಾಸರ ಒಂದು ಕೀರ್ತನೆ. ದಾಸರ ಕಾಲ 1728ರಿಂದ 1809. ಹಾಡುಗಾರ್ತಿಗೆ ಅದರ ಧಾಟಿ ಬಂದದ್ದು ಅಜ್ಜಿಯ ಭಜನಾ ಮಂಡಳಿಯಿಂದ. ಆ ಧಾಟಿಯನ್ನು ಹೆಚ್ಚು ಬದಲಿಸದೆ ಹಾಡಿದ್ದಾರೆ. ಗಿಟಾರಿನವರು ಅದಕ್ಕೊಂದು ಪ್ರವೇಶ, ನಡುವೆ ದೀರ್ಘವಾದ ಒಂದು ವಾದ್ಯಭಾಗ, ಕೊನೆಯ ‘ಜಗನ್ನಾಥವಿಠಲ’ ಅಂಕಿತದ ಸಾಲಿಗೆ ಏರುತ್ತ ಹೋಗುವ ಒಂದು ತಿರುವು ಕಟ್ಟಿದ್ದಾರೆ. ನನ್ನ ಕಿವಿಗೆ ಆಲ್ಬಮ್ಮಿನ ಅತ್ಯುತ್ತಮ ಹಾಡು ಅದೇ, ಮತ್ತು ಅದನ್ನು ಅತ್ಯುತ್ತಮವಾಗಿಸಿದ್ದು ಆ ನಡುವಿನ ಭಾಗ.

ಭಕ್ತಿಗೀತೆಗಳನ್ನು ಹೊರತರುವ ಬೇರೊಂದು ಸಂಸ್ಥೆ ಅದೇ ಕೀರ್ತನೆಯನ್ನು ಬಹುಮಟ್ಟಿಗೆ ಅದೇ ಧಾಟಿಯಲ್ಲಿ ಮೊದಲೇ ಧ್ವನಿಮುದ್ರಿಸಿ ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ, ಹಕ್ಕುಳ್ಳ ಹಾಡುಗಳನ್ನು ವೀಡಿಯೊಗಳಲ್ಲಿ ತಾನಾಗಿ ಪತ್ತೆಹಚ್ಚುವ ವ್ಯವಸ್ಥೆಗೆ ಸೇರಿಸಿತ್ತು. ಈ ವ್ಯವಸ್ಥೆ ಒಂದೇ ಧ್ವನಿಮುದ್ರಣ ಎರಡು ಕಡೆ ಬಂದಿದೆಯೇ ಎಂದಷ್ಟೇ ನೋಡುವುದಿಲ್ಲ, ಸ್ವರಗಳ ಹರಿವು ಹೋಲುತ್ತದೆಯೇ ಎಂದೂ ನೋಡಬಲ್ಲದು. ಹೋಲಿತು. ಲೇಬಲ್ಲಿನ ವೀಡಿಯೊ ಮೇಲೆ ಹಕ್ಕೊತ್ತಾಯ ತಾನಾಗಿ ಬಂದು ಕುಳಿತಿತು.

ಯಜಮಾನರು ಆಕ್ಷೇಪಣೆ ಸಲ್ಲಿಸಿದರು. ಆಕ್ಷೇಪಣೆ ಬಂದ ಮೇಲೆ ಹಕ್ಕು ಹೇಳಿದವರಿಗೆ ಉತ್ತರಿಸಲು 30 ದಿನಗಳ ಅವಕಾಶವಿರುತ್ತದೆ, ಉತ್ತರಿಸದಿದ್ದರೆ ಹಕ್ಕೊತ್ತಾಯ ರದ್ದಾಗುತ್ತದೆ. ಅವರು ಉತ್ತರಿಸಲಿಲ್ಲ. ಇದನ್ನು ಗೆಲುವೆಂದು ಕರೆಯುವಂತಿಲ್ಲ; ಯಾರೂ ವಿಚಾರಣೆ ಮಾಡಿ ತೀರ್ಪು ಕೊಟ್ಟದ್ದಲ್ಲ, ಯಂತ್ರ ಎಬ್ಬಿಸಿದ ತಕರಾರು ಮನುಷ್ಯರಾರೂ ನೋಡದೆ ಆರಿಹೋಯಿತು, ಅಷ್ಟೆ.

ಆದರೆ ಆ ಹೊತ್ತಿಗೆ ವಿಷಯ ವಿತರಕರ ಕಿವಿಗೆ ಬಿದ್ದಿತ್ತು. ಅವರಿಂದ ಒಂದು ಇಮೇಲ್ ಬಂದಿತು: ಆಲ್ಬಮ್ಮಿನ ಪ್ರತಿ ಹಾಡಿನ ಸಾಹಿತ್ಯ ಮತ್ತು ಸಂಗೀತ ಯಾರದು, ಅವರು ಲೇಬಲ್ಲಿಗೆ ಅನುಮತಿ ಕೊಟ್ಟಿರುವ ಸಹಿ ಮಾಡಿದ ಪತ್ರ ಎಲ್ಲಿದೆ, ಗೊತ್ತುಪಡಿಸಿದ ದಿನದೊಳಗೆ ಕಳಿಸಬೇಕು. ಒಂದು ಹಾಡಿನ ಬಗ್ಗೆ ಶುರುವಾದ ಪ್ರಶ್ನೆ ಎಂಟಕ್ಕೂ ಹಬ್ಬಿತು. ದಿನ ಕಳೆಯಿತು, ಪತ್ರ ಹೋಗಲಿಲ್ಲ, ಆಲ್ಬಮ್ ಇಳಿಯಿತು. ಪತ್ರ ಹೋಗದಿರಲು ಕಾರಣ ಪತ್ರವೇ ಇರಲಿಲ್ಲ. ಬರೆಸೋಣವೆಂದರೆ ಗಿಟಾರಿನವರು ಬಿಡುಗಡೆಯ ಮರುವಾರವೇ ಕೆಲಸ ಹಿಡಿದು ಬೆಂಗಳೂರಿಗೆ ಹೋಗಿದ್ದರು ಮತ್ತು ಫೋನು ಎತ್ತುತ್ತಿರಲಿಲ್ಲ.

ಒಂದು ಹಾಡಿನಲ್ಲಿ ಎಷ್ಟು ಆಸ್ತಿ

ಯಜಮಾನರ ವಾದ ನೇರವಾಗಿತ್ತು. ಕೋಣೆ ನನ್ನದು, ಮೈಕು ನನ್ನದು, ಮಾಸ್ಟರಿಂಗಿಗೆ ಕೊಟ್ಟದ್ದು ನಾನು, ಆದ್ದರಿಂದ ಹಾಡು ಲೇಬಲ್ಲಿನದು. ಕಾನೂನಿನ ಪ್ರಕಾರ ಈ ವಾದ ಕಾಲು ಭಾಗ ಮಾತ್ರ ನಿಜ. ಐದನೆಯ ಹಾಡನ್ನೇ ತೆಗೆದುಕೊಂಡರೆ ಅದರಲ್ಲಿ ನಾಲ್ಕು ಬೇರೆಬೇರೆ ಸಂಗತಿಗಳಿವೆ.

ಮೊದಲನೆಯದು ಸಾಹಿತ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ಹಕ್ಕು ಇರುವುದು ಕರ್ತೃವಿನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಎರಡು ಶತಮಾನಗಳ ಹಿಂದೆ ತೀರಿಕೊಂಡ ದಾಸರ ಪದ ಎಲ್ಲರದು. ಎರಡನೆಯದು ಧಾಟಿ. ಕಾಯ್ದೆಯಲ್ಲಿ ಸಂಗೀತ ಕೃತಿ ಎಂದರೆ ಪದಗಳನ್ನು ಹೊರತುಪಡಿಸಿದ ಸಂಗೀತ ಮಾತ್ರ. ಭಜನಾ ಮಂಡಳಿಗಳಲ್ಲಿ ಬಾಯಿಂದ ಬಾಯಿಗೆ ಬಂದ, ಕಟ್ಟಿದವರು ಯಾರೆಂದು ಹೇಳಲಾಗದ ಧಾಟಿಗೆ ಒಬ್ಬ ಒಡೆಯನನ್ನು ತೋರಿಸುವುದು ಆ ಭಕ್ತಿಗೀತೆ ಸಂಸ್ಥೆಗೂ ಸಾಧ್ಯವಿರಲಿಲ್ಲ. ಅವರಿಗಿದ್ದದ್ದು ಅವರ ಧ್ವನಿಮುದ್ರಣದ ಮೇಲಿನ ಹಕ್ಕು, ಧಾಟಿಯ ಮೇಲಿನದಲ್ಲ. ಅವರ ಹಕ್ಕೊತ್ತಾಯ ತಪ್ಪಾಗಿದ್ದುದು ಇಲ್ಲಿ.

ಮೂರನೆಯದು ಹೊಸದಾಗಿ ಕಟ್ಟಿದ ಭಾಗಗಳು, ಅಂದರೆ ಪ್ರವೇಶ, ನಡುವಿನ ವಾದ್ಯಭಾಗ, ಕೊನೆಯ ತಿರುವು. ಇವು ಗಿಟಾರಿನವರ ಸ್ವಂತ ರಚನೆ. ಸಂಗೀತದ ಕರ್ತೃ ಅದನ್ನು ರಚಿಸಿದವನೇ ಹೊರತು ಅದಕ್ಕೆ ಹಣ ಹಾಕಿದವನಲ್ಲ. ಆ ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ 19ನೆಯ ಕಲಮಿನ ಪ್ರಕಾರ ಕರ್ತೃ ಸಹಿ ಮಾಡಿದ ಲಿಖಿತ ಪತ್ರ ಬೇಕು. ನಾಲ್ಕನೆಯದು ಧ್ವನಿಮುದ್ರಣ. ಇದರ ಕರ್ತೃ ನಿರ್ಮಾಪಕ, ಮತ್ತು ನಿರ್ಮಾಪಕ ಎಂದರೆ ಮುದ್ರಣದ ಮುತುವರ್ಜಿಯನ್ನೂ ಹೊಣೆಯನ್ನೂ ಹೊತ್ತವನು. ಯಜಮಾನರ ಕಾಲು ಭಾಗದ ಸತ್ಯ ಇಲ್ಲಿತ್ತು. ಅದಕ್ಕೂ ಪ್ರತಿವಾದ ಇರಲಿಲ್ಲವೆಂದಲ್ಲ: ಗಿಟಾರಿನ ಹಲವು ಪದರಗಳು ಗಿಟಾರಿನವರದೇ ಲ್ಯಾಪ್‌ಟಾಪಿನಲ್ಲಿ, ಅವರದೇ ಮನೆಯಲ್ಲಿ ಮುದ್ರಿತವಾಗಿದ್ದವು.

ಉಳಿದ ಏಳು ಹಾಡುಗಳಲ್ಲಿ ಐದಕ್ಕೆ ರಾಗ ಹಾಕಿದವರು ಅದೇ ಗಿಟಾರಿನವರು, ಎರಡನ್ನು ನಾಲ್ವರೂ ಕೂಡಿ ಕಟ್ಟಿದ್ದರು. ಸಾಹಿತ್ಯ ಬಹುಪಾಲು ಡ್ರಮ್ಸಿನವರದು. ಅಂದರೆ ಲೇಬಲ್ಲಿನ ಬಳಿ ಹೊರಗಿನವರ ಸುಳ್ಳು ಹಕ್ಕೊತ್ತಾಯಕ್ಕೆ ಸರಿಯಾದ ಉತ್ತರವಿತ್ತು, ಆದರೆ ಆ ಉತ್ತರವನ್ನು ಕೊಡುವ ಅಧಿಕಾರ ತನಗಿದೆ ಎಂದು ತೋರಿಸುವ ಚೀಟಿ ಇರಲಿಲ್ಲ.

ಯಜಮಾನರು ಒಂದು ವಾಟ್ಸಾಪ್ ಸಂದೇಶ ಹುಡುಕಿ ತೆಗೆದರು. ರೆಕಾರ್ಡಿಂಗಿನ ದಿನಗಳಲ್ಲಿ ಗಿಟಾರಿನವರು ಕಳಿಸಿದ್ದು: ‘ಅಣ್ಣಾ, ನೀನಾ ನೋಡ್ಕೊ, ಎಲ್ಲಾ ನಿಂದಾ.’ ಇದೇ ಬರವಣಿಗೆಯಲ್ಲವೇ ಎಂದು ಕೇಳಲು ಅವರು ಹೋದದ್ದು ಊರಿನ ವಕೀಲರೊಬ್ಬರ ಬಳಿಗೆ, ದಿನಬೆಳಗಾದರೆ ಗಣಿ ಮತ್ತು ಜಮೀನಿನ ವ್ಯಾಜ್ಯ ನೋಡುವವರು. ಪ್ರೀತಿಯಿಂದ ಆಡಿದ ಮಾತನ್ನು ಕರಾರುಪತ್ರವೆಂದು ಎತ್ತಿಹಿಡಿದರೆ ಇರುವ ಪ್ರೀತಿಯೂ ಹೋಗುತ್ತದೆ, ಅದರ ಮೇಲೆ ನಿಲ್ಲಬೇಡಿ ಎಂದು ಅವರು ಹೇಳಿ ಕಳಿಸಿದರು. ಈ ಪ್ರಕರಣದಲ್ಲಿ ಸಿಕ್ಕ ಸಲಹೆಗಳಲ್ಲಿ ಇದು ಒಳ್ಳೆಯದು.

ಮಾತುಕತೆ

ಗಿಟಾರಿನವರ ಮುನಿಸು ಹಣದ್ದೆಂದು ಯಜಮಾನರು ತಿಳಿದಿದ್ದರು. ಹಾಗೆಂದೇ ಮೊದಲ ಪತ್ರದಲ್ಲಿ ಒಂದಿಷ್ಟು ಮೊತ್ತವನ್ನು ಕೊಡುವುದಾಗಿ ಬರೆದರು. ಅದು ವಿಷಯವನ್ನು ಇನ್ನಷ್ಟು ಕೆಡಿಸಿತು. ದಸರೆಗೆ ಗಿಟಾರಿನವರು ಊರಿಗೆ ಬಂದಾಗ ಹಾಡುಗಾರ್ತಿ ನಡುವೆ ನಿಂತು ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂರಿಸಿದರು. ನಾನೂ ಇದ್ದೆ. ಗಿಟಾರಿನವರು ಫೋನಿನಲ್ಲಿ ಹಳೆಯ ಸ್ಕ್ರೀನ್‌ಶಾಟ್ ಒಂದನ್ನು ತೆಗೆದು ಮುಂದಿಟ್ಟರು, ಸ್ಪಾಟಿಫೈನಲ್ಲಿ ಐದನೆಯ ಹಾಡಿನ ವಿವರದ ಪುಟ. ಬರೆದವರು ಎಂಬಲ್ಲಿ ತಂಡದ ಹೆಸರಿತ್ತು.

‘ಅಣ್ಣಾ, ನನಗ ರೊಕ್ಕ ಬ್ಯಾಡ. ಹಾಡಿನ ಕೆಳಗ ನನ್ನ ಹೆಸರ ಇಲ್ಲಲ್ಲ, ಅದಕ್ಕೇನಂತಿ?’

‘ಪೌಚಿನೊಳಗ ಐತಲ್ಲೋ ತಮ್ಮಾ.’

‘ಅದರಾಗ ಗಿಟಾರ್ ಅಂತ ಐತಿ. ಕಟ್ಟಿದಾಂವ ಅಂತ ಇಲ್ಲ.’

ಯಜಮಾನರು ಎದ್ದು ಒಂದು ಪೌಚಿನ ಗುಂಡಿ ಬಿಚ್ಚಿ ಕಾಗದ ತೆಗೆದು ನೋಡಿದರು. ಗಿಟಾರ್ ಎಂದಷ್ಟೇ ಇತ್ತು. ಅಲ್ಲಿಂದ ಮುಂದಿನ ಮಾತು ಸಲೀಸಾಯಿತು. ಬೆಂಗಳೂರಿನಲ್ಲಿ ಹೊಸ ತಂಡಕ್ಕೆ ಸೇರಲು ಹೋದಾಗ, ಇದು ನಾನು ಕಟ್ಟಿದ್ದೆಂದು ಹಾಡು ಕೇಳಿಸಿ ಆ ಪುಟ ತೋರಿಸಿದರೆ ಅಲ್ಲಿ ತನ್ನ ಹೆಸರಿರಲಿಲ್ಲ, ನಗೆಪಾಟಲಾಯಿತು ಎಂಬುದನ್ನು ಅವರು ಕಡೆಗೆ ಹೇಳಿದರು. ಬಿಡುಬೀಸಾಗಿ ನಡೆಯುವ ಸಣ್ಣ ಲೇಬಲ್ಲುಗಳಲ್ಲಿ ಹಣಕ್ಕೆ ಜಗಳವಾಗುವುದು ಕಡಿಮೆ, ಏಕೆಂದರೆ ಹಣವೇ ಕಡಿಮೆ. ಕಟ್ಟಿದವನ ಹೆಸರೇ ಅಲ್ಲಿ ಸಂಬಳ, ಅದನ್ನು ಕೊಡದಿದ್ದುದು ಲೇಬಲ್ಲಿನ ಬಾಕಿ ಎಂಬುದು ನನ್ನ ಅಭಿಪ್ರಾಯ.

ಪತ್ರದ ಕರಡು ಮೊದಲು ತಯಾರಾದದ್ದು ವಿಚಿತ್ರ ರೀತಿಯಲ್ಲಿ. ಜೀನ್ಸ್ ಹೊಲಿಗೆಯ ಜಾಬ್‌ವರ್ಕಿಗೆ ಬಳಸುವ ಕರಾರನ್ನೇ ತಿದ್ದಿ ಯಜಮಾನರು ತಂದಿದ್ದರು. ಅದರಲ್ಲಿ ಅವಧಿಯೂ ಇರಲಿಲ್ಲ, ಪ್ರದೇಶವೂ ಇರಲಿಲ್ಲ. ಪ್ಯಾಂಟಿಗೆ ಅವು ಬೇಡ, ಹಾಡಿಗೆ ಬೇಕು. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮುಗಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಅನ್ವಯಿಸುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ. ಸ್ಟ್ರೀಮಿಂಗ್ ಸೇವೆಗಳಿಗೆ ಹೋಗುವ ಹಾಡು ಅದೇ ದಿನ ಎಲ್ಲ ದೇಶಗಳಿಗೂ ಹೋಗುತ್ತದೆ. ಇನ್ನೂ ಒಂದು ಸಂಗತಿ: 2012ರ ತಿದ್ದುಪಡಿಯ ನಂತರ, ಸಿನಿಮಾಕ್ಕೆ ಸೇರದ ಧ್ವನಿಮುದ್ರಣಕ್ಕಾಗಿ ಹಕ್ಕು ಬರೆದುಕೊಟ್ಟರೂ ಆ ಕೃತಿಯ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಕೇಳುವ ಅಧಿಕಾರ ಕರ್ತೃವಿಗೆ ಉಳಿದೇ ಇರುತ್ತದೆ. ‘ಎಲ್ಲಾ ನಿಂದಾ’ ಎಂದು ಸಹಿ ಮಾಡಿಸಿಕೊಂಡಿದ್ದರೂ ಎಲ್ಲವೂ ಇವರದಾಗುತ್ತಿರಲಿಲ್ಲ.

ಕಡೆಗೆ ಪ್ರತಿ ಹಾಡಿಗೆ ಒಂದರಂತೆ ಎಂಟು ಹಾಳೆಗಳಾದವು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರಲ್ಲೇ ಉಳಿಯುತ್ತದೆ, ಧ್ವನಿಮುದ್ರಣ ಲೇಬಲ್ಲಿನದು, ಹತ್ತು ವರ್ಷಗಳ ಕಾಲ ಜಗತ್ತಿನೆಲ್ಲೆಡೆ ಹಾಡನ್ನು ಹೊರತರಲು ಲೇಬಲ್ಲಿಗೆ ಅನುಮತಿ, ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ತಂಡಕ್ಕೆ. ತಂಡದ ಅರ್ಧ ಯಾರಿಗೆ ಎಷ್ಟು ಎಂಬುದು ಹಾಳೆಯ ಕೆಳಗಿನ ಖಾನೆಯಲ್ಲಿ. ಐದನೆಯ ಹಾಡಿನ ಹಾಳೆಯಲ್ಲಿ ಸಾಹಿತ್ಯ ಜಗನ್ನಾಥದಾಸರದು, ಧಾಟಿ ಸಾಂಪ್ರದಾಯಿಕ, ವಾದ್ಯ ಸಂಯೋಜನೆ ಗಿಟಾರಿನವರದು ಎಂದು ಬರೆಯಲಾಯಿತು. ಗಿಟಾರಿನವರೂ ಡ್ರಮ್ಸಿನವರೂ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿದರು. ರಚನಕಾರರಿಗೆ ಸಲ್ಲುವ ರಾಯಧನವನ್ನು ಸಂಗ್ರಹಿಸುವುದು ಆ ಸಂಘದ ಕೆಲಸ, ಲೇಬಲ್ಲಿನ ಮೂಲಕ ಅದು ಬರುವುದಿಲ್ಲ.

ಮತ್ತೆ ಬಿಡುಗಡೆ

ಕಾಗದ ಮುಗಿದ ಮೇಲೆ ಹುಟ್ಟಿದ ಪ್ರಶ್ನೆ ಆ ಗುಂಯ್‌ಗುಟ್ಟುವ ಎರಡು ಹಾಡುಗಳದು. ಆಲ್ಬಮ್ ಹೇಗೂ ಇಳಿದಿದೆ, ಮತ್ತೆ ಕಳಿಸುವಾಗ ಬೇಸ್ ಸರಿಮಾಡಿ ಕಳಿಸೋಣ ಎಂದು ಗಿಟಾರಿನವರು ಹೇಳಿದರು. ಇಲ್ಲಿ ಐಎಸ್‌ಆರ್‌ಸಿ ಅಡ್ಡ ಬಂದಿತು. ಪ್ರತಿ ಧ್ವನಿಮುದ್ರಣಕ್ಕೂ ಕೊಡುವ 12 ಅಕ್ಷರಗಳ ಈ ಸಂಕೇತದಲ್ಲಿ ದೇಶ, ನೋಂದಣಿದಾರ, ವರ್ಷ ಮತ್ತು ಕ್ರಮಸಂಖ್ಯೆ ಅಡಗಿರುತ್ತವೆ. ಅದೇ ಮುದ್ರಣವನ್ನು ಅದೇ ಸಂಕೇತದೊಂದಿಗೆ ಮತ್ತೆ ಕಳಿಸಿದರೆ ಹಿಂದೆ ಎಷ್ಟು ಸಲ ಕೇಳಿದ್ದರು ಎಂಬ ಲೆಕ್ಕ ಸಾಮಾನ್ಯವಾಗಿ ಹೊಸ ಪುಟಕ್ಕೆ ಬಂದು ಸೇರಿಕೊಳ್ಳುತ್ತದೆ. ವಾದ್ಯ, ದನಿಗಳ ಮಿಶ್ರಣ ಬದಲಿಸಿದರೆ ನಿಯಮದ ಪ್ರಕಾರ ಅದು ಹೊಸ ಮುದ್ರಣ, ಹೊಸ ಸಂಕೇತ ಬೇಕು, ಲೆಕ್ಕ ಸೊನ್ನೆಯಿಂದ. ಆ ಎರಡು ಹಾಡುಗಳಲ್ಲಿ ಒಂದು 1,000ದ ಗಡಿಗೆ ಹತ್ತಿರವಿತ್ತು.

ಯಜಮಾನರು ಲೆಕ್ಕವನ್ನು ಉಳಿಸಿಕೊಂಡರು, ಗುಂಯ್ ಹಾಗೆಯೇ ಉಳಿಯಿತು. ನಾನು ಅವರ ಜಾಗದಲ್ಲಿದ್ದರೆ ಹಾಡನ್ನು ಸರಿಮಾಡುತ್ತಿದ್ದೆ. ಗಡಿ ದಾಟಿದರೂ ಕೈಗೆ ಬರುವ ಹಣ ಒಂದು ಪೌಚಿನ ಬೆಲೆಗಿಂತ ಕಡಿಮೆಯೇ. ಅವರ ಸಮಜಾಯಿಷಿ ಬೇರೆಯಿತ್ತು: ಮುಂದಿನ ತಂಡಗಳಿಗೆ ತೋರಿಸಲು ಒಂದು ಸಂಖ್ಯೆ ಬೇಕು. ಸಣ್ಣ ಲೇಬಲ್ ನಡೆಸುವವರಿಗೆ ಆ ಸಂಖ್ಯೆಯ ಬೆಲೆ ಲೆಕ್ಕ ಬರೆಯುವವನಿಗಿಂತ ಹೆಚ್ಚು ಗೊತ್ತಿರಬಹುದು.

ಕಂಟೆಂಟ್ ಐಡಿಗೆ ತಮ್ಮ ಹಾಡುಗಳನ್ನೂ ಸೇರಿಸಬೇಕೆಂಬ ಡ್ರಮ್ಸಿನವರ ಸಲಹೆಯನ್ನು ಭಾಗಶಃ ಕೈಬಿಡಲಾಯಿತು. ಮೂರು ಹಾಡುಗಳಲ್ಲಿ ಅವರು ಇಂಟರ್ನೆಟ್ಟಿನಿಂದ ಪಡೆದ ತಾಳದ ಲೂಪುಗಳನ್ನು, ಅಂದರೆ ಮತ್ತೆಮತ್ತೆ ಸುತ್ತುವ ಸಿದ್ಧ ತುಣುಕುಗಳನ್ನು, ಬಳಸಿದ್ದರು. ಯಾರು ಬೇಕಾದರೂ ಬಳಸಬಹುದಾದ ಅಂಥ ತುಣುಕುಗಳಿರುವ ಮುದ್ರಣವನ್ನು ಆ ವ್ಯವಸ್ಥೆಗೆ ಸೇರಿಸುವಂತಿಲ್ಲ, ಸೇರಿಸಿದರೆ ಇನ್ನೊಬ್ಬರ ಹಾಡಿನ ಮೇಲೆ ಇವರ ಸುಳ್ಳು ಹಕ್ಕೊತ್ತಾಯ ಹೋಗಿ ಕೂರುತ್ತದೆ. ದಾಸರ ಹಾಡನ್ನೂ ಹೊರಗಿಟ್ಟರು, ಹಾಡುಗಾರ್ತಿಯ ಹಟದಿಂದಾಗಿ. ಮಾನ್ವಿಯ ಯಾವುದೋ ಭಜನಾ ಮಂಡಳಿ ತನ್ನ ಏಕಾದಶಿಯ ವೀಡಿಯೊ ಹಾಕಿದರೆ ಅದರ ಮೇಲೆ ನಮ್ಮ ಹೆಸರಿನ ನೋಟೀಸು ಹೋಗುವುದು ತನಗೆ ಬೇಡ ಎಂದರು. ಹೀಗೆ ಎಂಟರಲ್ಲಿ ನಾಲ್ಕು ಹಾಡುಗಳು ಮಾತ್ರ ಅಲ್ಲಿ ನೋಂದಣಿಯಾಗಿವೆ.

ನಾಲ್ಕನೆಯ ಆಲ್ಬಮ್ ಸಿಂಧನೂರು ಕಡೆಯ ತಂಡವೊಂದರದು, ರೆಕಾರ್ಡಿಂಗ್ ನಡೆಯುತ್ತಿದೆ. ಹಾಡು ಮುಗಿದ ರಾತ್ರಿಯೇ, ಕೇಬಲ್ ಸುತ್ತಿಡುವ ಮೊದಲು, ಹಾಳೆ ತುಂಬಿ ಸಹಿ ಮಾಡುವ ರೂಢಿ ಬಂದಿದೆ. ಪಾಲಿನ ಬಗ್ಗೆ ಒಮ್ಮತವಾಗದ ಒಂದು ಹಾಡನ್ನು ಈಗಾಗಲೇ ಪಟ್ಟಿಯಿಂದ ಕೈಬಿಡಲಾಗಿದೆ. ಬೇಸ್ ಗಿಟಾರನ್ನು ಕೋಣೆಯಲ್ಲಿ ಮೈಕಿಟ್ಟು ಹಿಡಿಯದೆ ನೇರವಾಗಿ ತಂತಿಯ ಮೂಲಕ ಮುದ್ರಿಸುತ್ತಿದ್ದಾರೆ. ಮೂರನೆಯ ಆಲ್ಬಮ್ಮಿನ ಮಾರಾಟವಾಗದೆ ಉಳಿದ ಪೌಚುಗಳಿಂದ ಹಳೆಯ ಕಾಗದ ತೆಗೆದು, ಕಟ್ಟಿದವರ ಹೆಸರುಗಳಿರುವ ಹೊಸ ಕಾಗದ ಹಾಕಿಡಲಾಗಿದೆ. ಅದರಲ್ಲಿ ಐದನೆಯ ಹಾಡಿನ ಕೆಳಗೆ ಅಜ್ಜಿಯ ಭಜನಾ ಮಂಡಳಿಯ ಹೆಸರೂ ಇದೆ. ವಿತರಕರ ಫಾರ್ಮಿನಲ್ಲಿ ಅದಕ್ಕೆ ಖಾನೆ ಇಲ್ಲದ ಕಾರಣ ಸ್ಟ್ರೀಮಿಂಗಿನ ಪುಟದಲ್ಲಿ ಅದು ಕಾಣುವುದಿಲ್ಲ.